ಬೈಗುಳಕ್ಕೆ ಲಿನಕ್ಸ್ ಓಡೀತೆ?

ಗೆಳೆಯರೇ, ಪುಕ್ಕಟೆ ಸಿಗುವ ಲಿನಕ್ಸ್ ಬಗ್ಗೆ ಯಾವುದೋ ಪತ್ರಿಕೆ ಒಂದು ಹುಳುಕು ಎತ್ತಿದರೆ ಸಾಕು, ಮೈಮೇಲೆ ಬೀಳುತ್ತೀರಿ. ಈ ಕಥೆ ಕೇಳಿ. 1999ರ ಏಪ್ರಿಲ್‌ನಲ್ಲಿ ಅಮೆರಿಕದ ಮೈಂಡ್‌ಕ್ರಾಫ್ಟ್ ಸಂಸ್ಥೆ, ಸರ್ವರ್ ಕೆಲಸಕ್ಕೆ ಲಿನಕ್ಸ್‌ಗಿಂತ ವಿಂಡೋಸ್ ಎನ್‌ಟಿಯೇ ವೇಗ ಎಂದಿತು. ಕಾಸು ಕೊಟ್ಟದ್ದು ಯಾರು? ಮೈಕ್ರೋಸಾಫ್ಟ್! ಅಭಿಮಾನಿಗಳು ಕೆಂಡವಾದರು. ಆಗಲೇಬೇಕಿತ್ತು ಬಿಡಿ. ಆದರೆ ಜೂನ್‌ನಲ್ಲಿ ಪಿಸಿ ವೀಕ್ ಪತ್ರಿಕೆಯವರು ರೆಡ್ ಹ್ಯಾಟ್ ಕಂಪನಿಯ ಎಂಜಿನಿಯರ್‌ಗಳ ಎದುರೇ ಮತ್ತೆ ಪರೀಕ್ಷಿಸಿದಾಗಲೂ ಗೆದ್ದದ್ದು ಎನ್‌ಟಿಯೇ! ಹುಳುಕು ನಿಜವಿತ್ತು. ನಾಲ್ಕು ಪ್ರೊಸೆಸರ್ ಇದ್ದರೂ ನೆಟ್‌ವರ್ಕ್ ಕೆಲಸವೆಲ್ಲ ಒಂದೇ ಬಾಗಿಲಲ್ಲಿ ಕ್ಯೂ ನಿಲ್ಲುತ್ತಿತ್ತು. ಬೈಯುವವರು ಬೈಯುತ್ತಿದ್ದಾಗ ಇಂಗೊ ಮೊಲ್ನಾರ್‌ರಂಥವರು ಕೋಡ್ ಬಿಚ್ಚಿ ಕೂತರು. 2001ರ ಜನವರಿಯಲ್ಲಿ ಬಂದ 2.4 ಆವೃತ್ತಿಯಲ್ಲಿ ಆ ಬಾಗಿಲು ಅಗಲವಾಗಿತ್ತು.