ಪ್ರಯಾಣಕ್ಕೆ ಸಿದ್ಧರಿದ್ದೀರಾ?

ಉದ್ಯೋಗದ ಸಂದರ್ಶನದಲ್ಲಿ ಅಭ್ಯರ್ಥಿಗಳನ್ನು ಹಲವು ವೇಳೆ ಕೇಳುವ ಪ್ರಶ್ನೆಯೊಂದುಂಟು: “ಕೆಲಸದ ನಿಮಿತ್ತ ಪರಸ್ಥಳಗಳಿಗೆ ಪ್ರಯಾಣ ಮಾಡಲು ಸಿದ್ಧರಿದ್ದೀರಾ?” ಕೆಲಸ ಕೈತಪ್ಪೀತೆಂಬ ಭಯದಿಂದ ಅನೇಕರು ಥಟ್ಟನೆ “ಸಿದ್ಧ” ಎಂದುಬಿಡುತ್ತಾರೆ. ಅದು ಆಲೋಚಿಸದೆ ಕೊಟ್ಟ ವಾಗ್ದಾನ.

ಪ್ರಶ್ನೆಯೇನೋ ನ್ಯಾಯವಾದುದೇ. ಸೇತುವೆಯ ಬಿರುಕನ್ನು ಕಚೇರಿಯಲ್ಲಿ ಕುಳಿತು ಪರೀಕ್ಷಿಸಲಾಗದು. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು, ಇಂದು ಪಾಕಿಸ್ತಾನದಲ್ಲಿರುವ ಸಕ್ಕರ್ ನಗರಕ್ಕೆ ತೆರಳಿ, 1895ರ ವೇಳೆಗೆ ಸಿಂಧೂನದಿಯ ನೀರನ್ನು ಆ ಊರಿಗೆ ಒದಗಿಸಿದರು. ಕೆಲಸವಿರುವೆಡೆಗೆ ಕೆಲಸಗಾರನು ಹೋಗಲೇಬೇಕು.

ಆದರೆ ಮನುಷ್ಯನಿಗೆ ಮನೆಯೂ ಉಂಟು. ಹಾಸಿಗೆ ಹಿಡಿದ ತಾಯಿಯಿರುವವರು, ಹಸುಗೂಸಿರುವವರು ತಿಂಗಳಲ್ಲಿ ಇಪ್ಪತ್ತು ದಿನ ಸರ್ಕೀಟಿನಲ್ಲಿರುವುದು ಸುಲಭವಲ್ಲ. ಇದನ್ನು ಹೇಳಿಕೊಳ್ಳುವುದು ಸೋಮಾರಿತನದ ಲಕ್ಷಣವಲ್ಲ.

ಆದುದರಿಂದ ಉತ್ತರಿಸುವ ಮೊದಲು ವಿನಯದಿಂದ ಕೇಳಿ ತಿಳಿಯಬೇಕು: ತಿಂಗಳಿಗೆ ಎಷ್ಟು ದಿನ? ಎಷ್ಟು ದೂರ? ರಾತ್ರಿ ತಂಗಬೇಕೆ? ಪ್ರಯಾಣಭತ್ಯ ಉಂಟೆ? ಬಳಿಕ, “ತಿಂಗಳಿಗೆ ಎಂಟು ದಿನ ಹೋಗಬಲ್ಲೆ, ಮುಂಚಿತವಾಗಿ ತಿಳಿಸಿದರೆ ಮನೆಯ ವ್ಯವಸ್ಥೆ ಮಾಡಿಕೊಳ್ಳುವೆ” ಎಂದು ಸ್ಪಷ್ಟವಾಗಿ ನುಡಿಯಬೇಕು.

ಇಂಥ ಉತ್ತರದಿಂದ ಕೆಲವೊಮ್ಮೆ ಕೆಲಸ ತಪ್ಪಿಹೋಗಬಹುದು. ಬಡತನದಲ್ಲಿರುವವರಿಗೆ ಅದು ಸಣ್ಣ ನಷ್ಟವಲ್ಲ. ಆದರೂ ಎಲ್ಲಕ್ಕೂ ಒಪ್ಪಿ ಕೆಲಸಕ್ಕೆ ಸೇರಿ, ಹೊರಡುವ ದಿನ ಬಂದಾಗಲೆಲ್ಲ ನೆಪ ಹೇಳುವವನ ಪಾಡೇನು? ಅವನ ಹೊರೆ ಸಹೋದ್ಯೋಗಿಗಳ ಹೆಗಲಿಗೆ ಬೀಳುತ್ತದೆ. ಅವನ ಮಾತಿಗೆ ಬೆಲೆ ಇಲ್ಲದಂತಾಗುತ್ತದೆ. ಕೊಟ್ಟ ಮಾತನ್ನು ನಡೆಸುವವನಿಗಿಂತ ಒಳ್ಳೆಯ ಕೆಲಸಗಾರನಿಲ್ಲ. ನಡೆಸಲಾಗುವಷ್ಟನ್ನೇ ಮಾತು ಕೊಡುವುದು ಅದರ ಮೊದಲ ಹೆಜ್ಜೆ.