ಅಂದಾಜು ಪಟ್ಟಿಗೆ ಸೇರದ ಆನೆ

ರಾತ್ರಿ ಒಂಬತ್ತಾದರೆ ಮದ್ದೂರು ಚೆಕ್‌ಪೋಸ್ಟಿನ ಗೇಟು ಬೀಳುತ್ತದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬೆಳಗಿನ ಆರರವರೆಗೆ ಕಾಡುಪ್ರಾಣಿಗಳ ಪಾಲು. ಗೇಟಿನಾಚೆ ಬಂಡೀಪುರದ ಕಾಡು, ಕಾಡಿನ ತುಂಬ ಲಾಂಟಾನದ ಪೊದೆ.

ಈ ಕಾಡಿನ ಇನ್ನೊಂದು ಅಂಚು ತಮಿಳುನಾಡಿನ ಗೂಡಲೂರು. ಅಲ್ಲಿನ ಆದಿವಾಸಿಗಳು ಇದೇ ಲಾಂಟಾನದ ಕಡ್ಡಿಯಲ್ಲಿ ಕಟ್ಟಿದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ನಿಂತವು. ನಮ್ಮ ಮಲೆ ಮಹದೇಶ್ವರ ಬೆಟ್ಟದ ಸೋಲಿಗರೂ ಇಂಥ ಆನೆ ಕಟ್ಟಬಲ್ಲರು. ಅಂಥದೊಂದನ್ನು ಮದ್ದೂರಿನ ಗೇಟಿನ ಬಳಿ ನಿಲ್ಲಿಸೋಣವೆಂದು ಗುಂಡ್ಲುಪೇಟೆಯ ಕಲಾವಿದನೊಬ್ಬ ಅರ್ಜಿ ಹಿಡಿದು ಹೊರಟನೆನ್ನಿ. ಅವನು ಯಾವ ಬಾಗಿಲು ತಟ್ಟಬೇಕು?

ಕಲೆಗೆಂದೇ ತೆರೆದ ಬಾಗಿಲು ಸಾಮಾನ್ಯವಾಗಿ ಇರುವುದಿಲ್ಲ. ವೃತ್ತದ ಅಭಿವೃದ್ಧಿ, ಉದ್ಯಾನದ ನವೀಕರಣ ಎಂಬ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಟೈಲ್ಸ್, ಗ್ರಿಲ್ಲಿನ ಜೊತೆ ಮೂರ್ತಿಯೂ ಒಂದು ಬಾಬು. ಸರ್ಕಾರಿ ಖರೀದಿಗೆ ಸಂಬಂಧಿಸಿದ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಆಗುತ್ತದೆ, ಕಡಿಮೆ ದರ ನಮೂದಿಸಿದ ಗುತ್ತಿಗೆದಾರ ಗೆಲ್ಲುತ್ತಾನೆ, ಶಿಲ್ಪಿ ಅವನ ಕೈಕೆಳಗೆ ಕೂಲಿಯಾಗುತ್ತಾನೆ. ಟೆಂಡರ್ ಬಿಟ್ಟು ನೇರವಾಗಿ ಕೆಲಸ ಕೊಡಲು ಕಲಂ 4(ಜಿ) ಅಡಿ ಸರ್ಕಾರವೇ ವಿನಾಯಿತಿ ಕೊಡಬಹುದು. ಆದರೆ ಅದಕ್ಕೆ ಕಡತ ವಿಧಾನಸೌಧದವರೆಗೆ ನಡೆಯಬೇಕು. ಟೆಂಡರ್ ಪ್ರಕಟಣೆ ಬಂದ ಮೇಲೆ ಅರ್ಜಿ ಹಾಕುವವನು ತಡವಾಗಿಯೇ ಬಂದವನು. ಅಂದಾಜು ಪಟ್ಟಿ ತಯಾರಾಗುವ ಮುನ್ನ ಇಂಜಿನಿಯರ್ ಮೇಜಿನ ಮುಂದೆ ಕೂತವನ ಮಾತಿಗೆ ಬೆಲೆ.

ಮಾತಿಗಿಂತ ಮಾದರಿ ಮೇಲು. ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ 2022ರ ಏಪ್ರಿಲ್‌ನಲ್ಲಿ ಪ್ರಧಾನಿಗೆ ಎರಡಡಿಯ ನೇತಾಜಿ ಮೂರ್ತಿ ಕೊಟ್ಟರು. ಅವರು ಕೆತ್ತಿದ 28 ಅಡಿಯ ನೇತಾಜಿ ಸೆಪ್ಟೆಂಬರ್ 8ರಂದು ಇಂಡಿಯಾ ಗೇಟ್ ಬಳಿ ಅನಾವರಣಗೊಂಡ. ಎಲ್ಲರಿಗೂ ಪ್ರಧಾನಿ ಸಿಗುವುದಿಲ್ಲ ನಿಜ. ಆದರೆ ಕಾರ್ಯಪಾಲಕ ಇಂಜಿನಿಯರ್ ಸಿಗುತ್ತಾರೆ, ಅವರ ಮೇಜಿನ ಮೇಲೆ ಒಂದಡಿ ಆನೆಗೆ ಜಾಗವೂ ಇರುತ್ತದೆ.

ಅರ್ಜಿ ಓದುವವರು ರಸಿಕರಲ್ಲ, ಸಹಿ ಹಾಕಬೇಕಾದವರು; ನಾಳೆ ಆಡಿಟ್‌ಗೆ ಉತ್ತರ ಹೇಳಬೇಕಾದವರು. ‘ಸಹಬಾಳ್ವೆಯ ಸಂಕೇತ’ ಎಂಬ ಸಾಲು ಅವರನ್ನು ಕಾಪಾಡದು. ಗೂಡಲೂರಿನ ಆನೆಗಳ ಕೆಲಸದಲ್ಲಿ ಕಲಿಯಬೇಕಾದ್ದು ಇಲ್ಲಿದೆ. ಒಳಗೆ ಕಬ್ಬಿಣದ ಹಂದರ, ಮೇಲೆ ಬೇಯಿಸಿ ಸಿಪ್ಪೆ ಸುಲಿದ ಕಡ್ಡಿ. ಒಂದೊಂದೂ ಜನ ಕಂಡು ಗುರುತಿಟ್ಟ ನಿಜವಾದ ಆನೆಯ ಪ್ರತಿರೂಪ. ಕಾಡನ್ನು ನುಂಗುತ್ತಿರುವ ಕಳೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಕಾಡಂಚಿನ ಜನಕ್ಕೆ ಕೂಲಿ ಸಿಗುತ್ತದೆ. ‘ಇದು ಇಲ್ಲಿಯೇ ಏಕೆ’ ಎಂಬ ಪ್ರಶ್ನೆಗೆ ಕಡ್ಡಿಯೇ ಉತ್ತರ. ಗಾತ್ರ ಉತ್ತರವಾಗದು. ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರ ಮಾರ್ಚ್‌ನಲ್ಲಿ 108 ಅಡಿಯ ಮಹದೇಶ್ವರ ಪ್ರತಿಮೆ ಉದ್ಘಾಟನೆಯಾಯಿತು. ಎತ್ತರದಲ್ಲಿ ಸ್ಪರ್ಧಿಸಲು ಹೊರಟರೆ ಸಣ್ಣ ಊರಿನ ಕಲಾವಿದ ಸೋತಂತೆಯೇ.

ಇನ್ನು ಜಾಗ. ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಹೇಳಿದೆ. ಆದ್ದರಿಂದ ನಮ್ಮ ಆನೆ ಹೆದ್ದಾರಿ ಬದಿಯಲ್ಲಿ ನಿಲ್ಲುವಂತಿಲ್ಲ. ಅರಣ್ಯ ಇಲಾಖೆಯ ಆವರಣದೊಳಗೆ ಜಾಗ ಕೇಳಬೇಕು, ಒಪ್ಪಿಗೆ ಪತ್ರವನ್ನು ಅರ್ಜಿಗೇ ಲಗತ್ತಿಸಬೇಕು. ನಿಜವಾದ ಆನೆ ಬಂದು ಈ ಆನೆಯನ್ನು ಕೆಡವಿದರೆ ದುರಸ್ತಿ ಯಾರ ಖರ್ಚು? ಮದ್ದೂರಿನಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ.

ಆಮೇಲೆ ಕಾರ್ಯಾದೇಶ. ಕಾರ್ಕಳದ ಬೈಲೂರಿನಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಯಾದ ಪರಶುರಾಮ ಮೂರ್ತಿ ಕಂಚಿನದೋ ಅಲ್ಲವೋ ಎಂಬ ವಿವಾದ ಪೊಲೀಸ್ ಠಾಣೆ, ನ್ಯಾಯಾಲಯದ ಮೆಟ್ಟಿಲೇರಿತು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಕಲಾವಿದ ಮಾಡಬೇಕಾದ್ದು ಬೇರೆ: ಯಾವ ಲೋಹ, ಎಷ್ಟು ತೂಕ, ಯಾವ ಹಂತದಲ್ಲಿ ಯಾರು ಪರೀಕ್ಷಿಸಿ ಸಹಿ ಹಾಕಬೇಕು, ಆ ಸಹಿಗೆ ಎಷ್ಟು ಕಂತು ಬಿಡುಗಡೆಯಾಗಬೇಕು ಎಂಬುದನ್ನು ಕಾರ್ಯಾದೇಶದಲ್ಲೇ ಬರೆಸಿಕೊಳ್ಳಬೇಕು. ಅವಸರದ ಉದ್ಘಾಟನೆಯ ದಿನಾಂಕಕ್ಕೆ ‘ಆಯ್ತು ಸಾರ್’ ಎನ್ನಬಾರದು.

ಹೊರೆಯೆಲ್ಲ ಕಲಾವಿದನದೇ ಎಂದರೂ ಅನ್ಯಾಯ. ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟನ್ನು ಕಲೆಗೆ ಮೀಸಲಿಡುವ ಪದ್ಧತಿಯನ್ನು ಫ್ರಾನ್ಸ್ 1951ರಲ್ಲೇ ಶುರುಮಾಡಿತು. ಅಮೆರಿಕದ ಫಿಲಡೆಲ್ಫಿಯಾ 1959ರಲ್ಲಿ. ಕಲಾವಿದರನ್ನು ಆರಿಸುವ ದಾರಿಗೆ ನಮ್ಮಲ್ಲೇ ಮಾದರಿಯಿದೆ: ಅಯೋಧ್ಯೆಯ ಬಾಲರಾಮನನ್ನು ಮೂವರು ಶಿಲ್ಪಿಗಳಿಂದ ಕೆತ್ತಿಸಿ ಒಂದನ್ನು ಆರಿಸಲಾಯಿತು. ಜಿಲ್ಲಾಡಳಿತವೂ ಮೂವರನ್ನು ಆರಿಸಿ, ಮೂವರಿಗೂ ಮಾದರಿಯ ಹಣ ಕೊಟ್ಟು, ಆಮೇಲೆ ಒಬ್ಬರಿಗೆ ಕೆಲಸ ಒಪ್ಪಿಸಬಹುದು. ಮಾದರಿಯನ್ನು ಪುಕ್ಕಟೆ ತರಿಸಿಕೊಂಡು ಇನ್ನೊಬ್ಬರಿಂದ ಅಗ್ಗಕ್ಕೆ ಮಾಡಿಸುವ ಚಾಳಿಗೆ ಅದೊಂದೇ ಮದ್ದು.

ಅಲ್ಲಿಯವರೆಗೆ ಗುಂಡ್ಲುಪೇಟೆಯ ಕಲಾವಿದ ಲೆಕ್ಕವನ್ನೂ ತಾನೇ ಬರೆದುಕೊಂಡು ಹೋಗಬೇಕು. ಲೋಕೋಪಯೋಗಿ ದರಪಟ್ಟಿಯಲ್ಲಿ ಸಿಮೆಂಟಿಗೆ, ಕಬ್ಬಿಣಕ್ಕೆ ಸಾಲುಗಳಿವೆ. ಲಾಂಟಾನ ಕಡಿದು, ಬೇಯಿಸಿ, ಬಾಗಿಸುವ ಕೈಗಳ ದಿನಗೂಲಿ, ವಿನ್ಯಾಸದ ಸಂಭಾವನೆ, ಮಳೆಗಾಲಗಳು ಕಳೆದ ಮೇಲೆ ಬದಲಿಸಬೇಕಾದ ಕಡ್ಡಿಗಳ ಖರ್ಚು, ಇವಕ್ಕೆ ಪ್ರತ್ಯೇಕ ದರ ವಿಶ್ಲೇಷಣೆ ಬೇಕು. ಅದನ್ನು ಒಂದು ಪುಟದಲ್ಲಿ ಬರೆದು, ಒಂದಡಿ ಆನೆಯ ಕೆಳಗಿಟ್ಟು ಬರಲಿ.