ಸಿಟ್ಟನ್ನು ಕೊಟ್ಟಿಗೆಯ ಹೊರಗೇ ಗುರುತಿಸಿ

ಅಕ್ಕತಂಗಿಯರೇ,

‘ಡಾಕ್ಟ್ರೇ, ಹಸು ಹಾಲು ಇಳಿಸ್ತಿಲ್ಲ, ಒಂದು ಇಂಜೆಕ್ಷನ್ ಹಾಕಿ.’ ಜಡಿಗೇನಹಳ್ಳಿ ಕಡೆ ಹೋದಾಗ ಒಬ್ಬ ಅಕ್ಕ ಹೀಗೆಂದರು. ಹಸುವಿಗೆ ಜ್ವರವಿರಲಿಲ್ಲ, ಕೆಚ್ಚಲು ಬಾವೂ ಇರಲಿಲ್ಲ. ‘ಮನೇಲಿ ಏನಾದ್ರೂ ಆಯ್ತೇನಕ್ಕ?’ ಎಂದೆ. ಹಿಂದಿನ ದಿನ ಬೂಸಾ ಸಾಲದ ವಿಷಯಕ್ಕೆ ಜಗಳವಾಗಿತ್ತು. ಅದೇ ಸಿಟ್ಟಿನಲ್ಲಿ ಕರೆಯಲು ಕೂತರು. ಹಸು ಒದೆಯಿತು, ಇವರು ಹೊಡೆದರು. ಈಗ ಅವರು ಹತ್ತಿರ ಬಂದರೇ ಹಸು ಬೆಚ್ಚುತ್ತದೆ. ‘ಮೂಕಪ್ರಾಣಿಗೆ ಹೊಡೆದ್ನಲ್ಲ’ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಇಂಜೆಕ್ಷನ್ ಹಾಕಲಿಲ್ಲ.

ಕರು ಚೀಪಿದಾಗ, ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಹಾಲು ಇಳಿಸುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಹಸು ಹೆದರಿದರೆ ಅಡ್ರಿನಲಿನ್ ಅದನ್ನು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಹಾಗಾಗಿ ಡೇರಿಯಲ್ಲಿ ಅಳತೆಯೂ ಕಡಿಮೆ, ಫ್ಯಾಟೂ ಕಡಿಮೆ.

‘ಸಿಟ್ಟು ಮಾಡ್ಕೋಬೇಡಿ’ ಎಂದು ನಾನು ಹೇಳುವುದಿಲ್ಲ. ನಸುಕಿನಲ್ಲೆದ್ದು ಸಗಣಿ ಬಾಚಿ, ಮೇವು ತಂದು, ಮನೆಯನ್ನೂ ನೋಡುವವರಿಗೆ ಸಿಟ್ಟು ಬರಲು ಕಾರಣ ಇದ್ದೇ ಇರುತ್ತದೆ. ನುಂಗಿಕೊಂಡರೆ ಅದು ಹೋಗುವುದಿಲ್ಲ, ಕೈಗೆ ಇಳಿಯುತ್ತದೆ. ಹಲ್ಲು ಕಚ್ಚಿದ್ದೀರಾ, ಎದೆ ಬಡಿದುಕೊಳ್ಳುತ್ತಿದೆಯಾ? ಬಕೆಟ್ ಕೆಳಗಿಡಿ. ‘ಇದು ಸಿಟ್ಟು’, ‘ಇದು ಸಾಲದ ಭಯ’ ಎಂದು ಮನಸ್ಸಿನಲ್ಲೇ ಹೆಸರಿಡಿ. ಐದು ಸಲ ನಿಧಾನವಾಗಿ ಉಸಿರು ಬಿಡಿ. ಆಮೇಲೆ ಹಸುವಿನ ಬೆನ್ನು ಸವರಿ, ಮಾತಾಡಿಸಿ, ಕೆಚ್ಚಲು ತೊಳೆಯಿರಿ. ಸಾಲ ಅಲ್ಲೇ ಇರುತ್ತದೆ. ಅದರ ಮಾತು ಹಾಲು ಡೇರಿಗೆ ಹಾಕಿ ಬಂದ ಮೇಲೆ ಆಡಿ. ಒಮ್ಮೆ ಕೈ ಮಾಡಿದ್ದರೆ ಕೊರಗುತ್ತಾ ಕೂರಬೇಡಿ. ದಿನವೂ ಮೆತ್ತಗೆ ಮುಟ್ಟಿ. ನಿಮ್ಮನ್ನು ಮತ್ತೆ ನಂಬಲು ಹಸುವಿಗೆ ಸಮಯ ಕೊಡಿ.

ಆದರೆ ಕೆಚ್ಚಲು ಬಿಸಿಯಾಗಿ ಊದಿದ್ದರೆ, ಹಾಲು ಒಡೆದಂತೆ ಬಂದರೆ ಅದು ರೋಗ. ತಡಮಾಡದೆ ನಮ್ಮನ್ನು ಕರೆಯಿರಿ. ನಿಮ್ಮ ಮನಸ್ಸೇ ದಿನಗಟ್ಟಲೆ ಭಾರವಾಗಿದ್ದರೆ, ಹಸು ಸತ್ತ ದುಃಖ ನಿದ್ದೆಗೆಡಿಸಿದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಹಸುವಿನ ಜ್ವರ ನೋಡುವ ನಾವು ವೈದ್ಯರು, ಕರೆಯುವವರ ಮನಸ್ಸನ್ನೂ ವಿಚಾರಿಸಬೇಕು. ಮನೆಯ ಗಂಡಸರೂ ವಿಚಾರಿಸಲಿ. ಇದನ್ನು ಅವರಿಗೂ ಓದಿ ಹೇಳಿ.